ರೋಗಿಯನ್ನು ಡೈರಿ ಹತ್ತಿರ ಕರೆತನ್ನಿ

ಮನೆಯ ಮುಂದೆ ಆಂಬುಲೆನ್ಸ್ ನಿಲ್ಲಿಸಿದಾಗ ಬಾಗಿಲಿಗೆ ಚಿಲಕ ಹಾಕಿತ್ತು. ಸೈರನ್ ಕೇಳಿ ಬೀದಿ ನಾಯಿಗಳು ಬಂದವು, ಮನೆಯವರು ಬರಲಿಲ್ಲ. ಗಂಡಸು, ಐವತ್ತು ದಾಟಿದವರು, ಎದೆನೋವು, ವಿಪರೀತ ಬೆವರು ಎಂದು ಕಾಲ್ ಸೆಂಟರಿನವರು ತಿಳಿಸಿದ್ದರು. ಒಂದು ಕೈಯಲ್ಲಿ ಸಣ್ಣ ಆಕ್ಸಿಜನ್ ಸಿಲಿಂಡರ್, ಇನ್ನೊಂದರಲ್ಲಿ ಔಷಧಿ ಬ್ಯಾಗು ಹಿಡಿದುಕೊಂಡು, ಚಿಲಕ ಹಾಕಿದ ಬಾಗಿಲನ್ನೇ ಪೆದ್ದಿಯ ಹಾಗೆ ಬಡಿದೆ. ಎದುರು ಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿ, "ಅಯ್ಯೋ, ಅವ್ರು ನಿಮ್ಗೆ ಎದುರಿಗೇ ಬಂದ್ರಲ್ಲವ್ವಾ, ಸಿಗ್ಲಿಲ್ವಾ?" ಎಂದರು.

ಎದುರಿಗೆ ಬರುವುದು. ಮಧುರೆ ಹೋಬಳಿಯ ಹಳ್ಳಿಗಳಲ್ಲಿ ಆಂಬುಲೆನ್ಸ್ ಕೆಲಸ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೆಂಟರು ಬರುತ್ತಾರೆಂದರೆ ಬಸ್ ಸ್ಟಾಪಿನ ತನಕ ಹೋಗಿ ಬ್ಯಾಗು ಇಸಿದುಕೊಳ್ಳುವ ಜನ ಇವರು. ಅಪ್ಪನಿಗೆ ಎದೆನೋವು ಬಂದು ಒದ್ದಾಡುತ್ತಿರುವಾಗ ಮನೆಯಲ್ಲಿ ಕೈಕಟ್ಟಿ ಕೂತು ಕಾಯುವುದೆಂದರೆ ಅವರ ಮನಸ್ಸು ಒಪ್ಪುವುದಿಲ್ಲ. ಫೋನ್ ಮಾಡಿದ ಕೂಡಲೇ ಸಿಕ್ಕ ಗಾಡಿಗೆ ರೋಗಿಯನ್ನು ಹತ್ತಿಸಿ, ನಾವು ಬರುವ ದಿಕ್ಕಿಗೆ ಹೊರಟುಬಿಡುತ್ತಾರೆ. ದಾರಿ ಒಂದೇ ಇದ್ದರೆ ಸರಿ. ಆ ಊರಿಗೆ ಎರಡು ದಾರಿ. ನಾವು ಶಾಲೆಯ ಕಡೆಯಿಂದ ಬಂದಿದ್ದೆವು, ಅವರು ಕೆರೆ ಏರಿಯ ಮೇಲೆ ಹೋಗಿದ್ದರು.

ನಮ್ಮ ಚಾಲಕ ತ್ಯಾಮಗೊಂಡ್ಲು ಕಡೆಯವನು. ಸದಾ ಏನಾದರೊಂದು ತಮಾಷೆ ಮಾಡುವವನು. ಅವತ್ತು ಅಜ್ಜಿಯ ಮಾತು ಮುಗಿಯುವ ಮುಂಚೆಯೇ ಗಾಡಿ ತಿರುಗಿಸಿದ. ನಾನು ಫೋನಿನ ಮೇಲೆ ಫೋನ್ ಮಾಡಿದೆ. ಕರೆ ಮಾಡಿದ್ದ ಮಗನೇ ಗೂಡ್ಸ್ ಆಟೋ ಓಡಿಸುತ್ತಿದ್ದನಂತೆ, ಫೋನ್ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಏರಿ ಇಳಿದು ದೊಡ್ಡ ರಸ್ತೆಗೆ ಸೇರುವಲ್ಲಿ ಒಂದು ಬಸ್ ತಂಗುದಾಣವಿದೆ. ಆಟೋ ಅಲ್ಲಿ ನಿಂತಿತ್ತು. ಹಿಂದಿನ ತೊಟ್ಟಿಯಲ್ಲಿ ಗೋಣಿಚೀಲ ಹಾಸಿ ಅವರನ್ನು ಮಲಗಿಸಿದ್ದರು. ನಾಡಿ ಇರಲಿಲ್ಲ. ಅಲ್ಲೇ ನೆಲಕ್ಕಿಳಿಸಿ ಎದೆ ಒತ್ತಲು ಶುರುಮಾಡಿದೆ. ಶಾಕ್ ಕೊಡುವ ಯಂತ್ರ ಹಚ್ಚಿದರೆ ಅದು ಶಾಕ್ ಬೇಡ ಎಂದಿತು, ಶಾಕಿಗೆ ಏಳುವ ಸ್ಥಿತಿಯಲ್ಲಿ ಹೃದಯ ಇರಲಿಲ್ಲ. ಆಸ್ಪತ್ರೆಯ ಬಾಗಿಲ ತನಕ ಒತ್ತುತ್ತಲೇ ಹೋದೆ. ವೈದ್ಯರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಅಡ್ಡಡ್ಡ ತಲೆಯಾಡಿಸಿದರು.

ಮಗ ನಮ್ಮ ಚಾಲಕನ ಕೊರಳಪಟ್ಟಿ ಹಿಡಿದುಕೊಂಡ. "ಎಲ್ಲೋ ಹೋಗಿದ್ದೆ? ಎಲ್ಲೋ ಹಾಳಾಗ್ ಹೋಗಿದ್ದೆ ನೀನು? ಏರಿ ಮೇಲೆಲ್ಲಾ ಹುಡ್ಕಿದೀನಿ ಕಣೋ!" ಚಾಲಕ ಬಿಡಿಸಿಕೊಳ್ಳಲಿಲ್ಲ. ನಾನೇ ಮಧ್ಯೆ ಹೋಗಿ ಕೈ ಬಿಡಿಸಿದೆ.

ಆ ಪ್ರಕರಣದಲ್ಲಿ ನಮ್ಮ ಲೆಕ್ಕ ಚೊಕ್ಕವಾಗಿತ್ತು, ಅದೇ ನನಗೆ ಸಂಕಟ. ಸ್ಥಳ ತಲುಪಿದೆವು ಎಂದು ಗಾಡಿಯ ಸಾಧನದಲ್ಲಿ ಗುಂಡಿ ಒತ್ತಬೇಕು. ಮನೆ ಮುಂದೆ ನಿಂತಾಗಲೇ ಚಾಲಕ ಒತ್ತಿದ್ದ. ಕರೆ ಬಂದ ವಿಳಾಸಕ್ಕೆ ಹೇಳಿದ ಅವಧಿಯೊಳಗೆ ಹೋಗಿದ್ದೆವು. ರೋಗಿ ಅಲ್ಲಿರಲಿಲ್ಲ ಎಂಬುದನ್ನು ಆ ಗುಂಡಿ ಕೇಳುವುದಿಲ್ಲ. ಆಂಬುಲೆನ್ಸ್ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆಯೇ ಎಂದು ಮೇಲಿನವರು ಅಳೆಯುವುದು ಆ ಗುಂಡಿಯಿಂದಲೇ.

ಮುಂದಿನ ಪರಿಶೀಲನಾ ಸಭೆಯಲ್ಲಿ ನಾನು ಎದ್ದು ನಿಂತೆ. ಆಂಬುಲೆನ್ಸಿನ ಹಿಂದೆ ರೋಗಿಯ ಪಕ್ಕ ಕೂರುವವರು ಅಂಥ ಸಭೆಗಳಲ್ಲಿ ಬಾಯಿ ಬಿಡುವುದು ಕಡಿಮೆ. ಆದರೆ ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು. ಪವರ್‌ಲೂಮಿನ ಸದ್ದಿನಲ್ಲಿ ಕಿರುಚದೆ ಹೋದರೆ ಊಟಕ್ಕೂ ಯಾರೂ ಕರೆಯುತ್ತಿರಲಿಲ್ಲ. ನನ್ನ ಮಾಮೂಲಿ ಮಾತೇ ಬೇರೆಯವರಿಗೆ ಜಗಳದ ಹಾಗೆ ಕೇಳುತ್ತದೆ. ಮೇಲಧಿಕಾರಿ ವೈದ್ಯರು, ಸಮಾಧಾನದ ಮನುಷ್ಯ. "ಅಮ್ಮಾ, ಕೇಳಿಸ್ತಾ ಇದೆ, ಮೈಕ್ ಕೆಳಗಿಡಿ" ಎಂದರು. ಎಲ್ಲರೂ ನಕ್ಕರು. ನಾನು ಮೈಕ್ ಇಟ್ಟು ಹೇಳಿದೆ.

ಜನ ಎದುರಿಗೆ ಬರುವುದನ್ನು ನಾವು ನಿಲ್ಲಿಸಲಾರೆವು. ಹಾಗಿದ್ದ ಮೇಲೆ ಎಲ್ಲಿಗೆ ಬರಬೇಕು ಎಂದಾದರೂ ಹೇಳೋಣ. ಪ್ರತಿ ಊರಲ್ಲೂ ಒಂದು ಹಾಲಿನ ಡೈರಿ ಇದೆ. ಗಾಡಿ ಹೋಗುವ ರಸ್ತೆಯ ಮೇಲೇ ಇರುತ್ತದೆ, ಏಕೆಂದರೆ ಹಾಲಿನ ಲಾರಿ ಬರಬೇಕು. ಮುಂದೆ ಸಿಮೆಂಟಿನ ಜಾಗವಿದೆ, ಸ್ಟ್ರೆಚರ್ ಸಲೀಸಾಗಿ ತಳ್ಳಬಹುದು. ದೀಪವಿದೆ, ಸೂರು ಇದೆ, ಕಾರ್ಯದರ್ಶಿಯ ಬಳಿ ಫೋನ್ ಇದೆ. ಬೆಳಿಗ್ಗೆ ಸಂಜೆ ಇಡೀ ಊರು ಅಲ್ಲಿ ನಿಲ್ಲುತ್ತದೆ. ಡೈರಿ ಎಲ್ಲಿ ಎಂದು ಕೇಳಿದರೆ ಮಗುವೂ ತೋರಿಸುತ್ತದೆ.

"ಬರೆದುಕೊಡಿ, ನಮ್ಮ ಈ ಒಂದು ಹೋಬಳೀಲಿ ಮಾಡಿ ನೋಡೋಣ" ಎಂದರು ಅಧಿಕಾರಿ.

ಬರೆದುಕೊಟ್ಟೆ. ಜನಕ್ಕೆ ಹೇಳಬೇಕಾದ ಮಾತು ಎರಡೇ ವಾಕ್ಯ. ಆಂಬುಲೆನ್ಸಿಗೆ ಫೋನ್ ಮಾಡಿದ ಮೇಲೆ ರೋಗಿಯನ್ನು ಡೈರಿ ಹತ್ತಿರ ಕರೆತನ್ನಿ. ಎತ್ತರದಿಂದ ಬಿದ್ದವರನ್ನು, ಅಪಘಾತವಾದವರನ್ನು ಅಲುಗಾಡಿಸಬೇಡಿ, ನಾವೇ ಬರುತ್ತೇವೆ.

ಎರಡನೆಯ ವಾಕ್ಯದ ಮೇಲೆ ಚರ್ಚೆಯಾಯಿತು. ಕಾಲ್ ಸೆಂಟರಿನಿಂದ ಬಂದಿದ್ದ ಮೇಲ್ವಿಚಾರಕ, "ಮೇಡಂ, ಫೋನ್ ಮಾಡೋರು ಗಾಬರೀಲಿ ಇರ್ತಾರೆ. ತಲೆ ಸುತ್ತಿ ಬಿದ್ರು ಅನ್ನೋದನ್ನೂ ಬಿದ್ರು ಅಂತಾನೇ ಅಂತಾರೆ. ಇವ್ರಿಗೆ ಡೈರಿ, ಅವ್ರಿಗೆ ಮನೆ ಅಂತ ನಮ್ ಹುಡುಗೀರು ಹೆಂಗ್ ವಿಂಗಡಿಸ್ತಾರೆ? ಗಾಡಿ ಮನೆಗೆ ಹೋಗುತ್ತೆ, ರೋಗಿ ಡೈರೀಗೆ ಹೋಗ್ತಾನೆ. ಮತ್ತೆ ಅದೇ ಕಥೆ" ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಅಧಿಕಾರಿ ಯೋಚಿಸಿ, "ಮೊದಲು ಒಂದು ವಾಕ್ಯ ಜನರ ಬಾಯಲ್ಲಿ ಕೂರಲಿ. ಎರಡನೇದನ್ನ ಆಮೇಲೆ ಸೇರಿಸೋಣ, ಏನಂತೀರಾ?" ಎಂದು ನನ್ನ ಕಡೆ ನೋಡಿದರು.

ನಾನು ಹೂಂ ಎಂದೆ. ಯಾರೂ ಬಲವಂತ ಮಾಡಲಿಲ್ಲ. ನನ್ನ ಕಣ್ಣಲ್ಲಿ ಇದ್ದದ್ದು ಆ ಗೂಡ್ಸ್ ಆಟೋ, ಆ ಗೋಣಿಚೀಲ. ಅದು ಇನ್ನೊಮ್ಮೆ ಆಗದಿದ್ದರೆ ಸಾಕು ಎಂಬ ಆತುರ. ನಮ್ಮ ಹಳ್ಳಿಗಳಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಹೆರಿಗೆ, ಫಿಟ್ಸು, ಉಸಿರಾಟದ ತೊಂದರೆ, ಎದೆನೋವು. ಅವರಿಗೆಲ್ಲ ಮೊದಲನೆಯ ವಾಕ್ಯ ಸಾಕಾಗಿತ್ತು.

ಕಲಿಸುವ ಕೆಲಸವನ್ನು ಡೈರಿಯಲ್ಲೇ ಮಾಡಿದೆವು. ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತಿರುವಾಗ ಆಯಾ ಊರಿನ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ನಿಲ್ಲುತ್ತಿದ್ದೆ. ಮೊದಲ ಊರಿನಾಕೆ ಚುರುಕಿನ ಹೆಂಗಸು. ಮೊದಲ ದಿನ ನಾನು ಹೃದಯಾಘಾತದ ಲಕ್ಷಣಗಳಿಂದ ಶುರುಮಾಡಿದ್ದೇ ತಡ, ನನ್ನ ತೋಳು ಜಗ್ಗಿ, "ಮೇಡಂ, ಚಿಕ್ಕದಾಗ್ ಹೇಳ್ಬಿಡಿ. ಇವ್ರಿಗೆಲ್ಲಾ ಮನೇಲಿ ಹಸಾ ಕಾಯ್ತಾ ಅವೆ" ಎಂದಳು. ಚಿಕ್ಕದಾಗಿ ಹೇಳಿದೆ. ನನ್ನ ಗಂಟಲು ಅಲ್ಲಿ ಕೆಲಸಕ್ಕೆ ಬಂತು.

ಕ್ಯಾನು ಹಿಡಿದು ನಿಂತಿದ್ದ ಒಬ್ಬ, "ಹಂಗಾದ್ರೆ ರೋಗೀಗೂ ಫ್ಯಾಟ್ ನೋಡ್ತೀರಾ ಮೇಡಂ? ಫ್ಯಾಟ್ ಕಮ್ಮಿ ಬಂದ್ರೆ ವಾಪಸ್ ಕಳಿಸ್ತೀರಾ?" ಎಂದ. ಸಾಲಿಗೆ ಸಾಲೇ ನಕ್ಕಿತು.

"ನೀವ್ ಹಾಲಿಗೆ ನೀರು ಎಷ್ಟ್ ಬೆರ್ಸಿದೀರಾ ಅಂತ ಮೊದ್ಲು ನೋಡ್ತೀವಿ" ಎಂದೆ. ಕಾರ್ಯದರ್ಶಿಗೆ ಅವನ ಮೇಲೆ ಏನು ಸಿಟ್ಟಿತ್ತೋ, ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ನಗುನಗುತ್ತಲೇ ಮಾತು ಊರಲ್ಲಿ ಕೂತಿತು. ಡೈರಿಯ ಗೋಡೆಗೆ ಫ್ಲೆಕ್ಸ್ ಬಂತು, ದೊಡ್ಡ ಅಕ್ಷರದಲ್ಲಿ ಒಂದೇ ವಾಕ್ಯ. ಕಾಲ್ ಸೆಂಟರಿನವರು ಡೈರಿಗಳನ್ನು ತಮ್ಮ ನಕ್ಷೆಯಲ್ಲಿ ಗುರುತು ಹಾಕಿಕೊಂಡರು. ಡೈರಿಯ ಮುಂದೆ ಗಾಡಿ ನಿಂತಾಗ ಗುಂಡಿ ಒತ್ತಬಹುದು ಎಂದು ಬಾಯಿಮಾತಿನ ಒಪ್ಪಿಗೆಯೂ ಸಿಕ್ಕಿತು.

ಫಲ ಕಣ್ಣಿಗೆ ಕಾಣುತ್ತಿತ್ತು. ಗಲ್ಲಿಗಳಲ್ಲಿ ಗಾಡಿ ರಿವರ್ಸ್ ತೆಗೆಯುವುದು ತಪ್ಪಿತು. ನಾವು ತಲುಪುವ ಹೊತ್ತಿಗೆ ರೋಗಿ ಅಲ್ಲಿರುತ್ತಿದ್ದರು. ಒಂದು ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು. ತಾಯಿ ಡೈರಿ ಮೆಟ್ಟಿಲ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು, ಇಳಿದವಳೇ ಔಷಧಿ ಕೊಟ್ಟೆ, ದೊಡ್ಡಬಳ್ಳಾಪುರ ಮುಟ್ಟುವಷ್ಟರಲ್ಲಿ ಮಗು ಅಳುತ್ತಿತ್ತು. ಆಂಬುಲೆನ್ಸಿನಲ್ಲಿ ಮಗುವಿನ ಅಳು ಕೇಳುವುದಕ್ಕಿಂತ ಹಿತವಾದದ್ದು ನನಗೆ ಇನ್ನೊಂದಿಲ್ಲ. "ಸಿಸ್ಟರ್, ನಿಮ್ ಡೈರಿ ಸ್ಕೀಮ್ ಸೂಪರ್ ಹಿಟ್ಟು. ಇನ್ನ ಹೊಸಕೋಟೆ ತನಕ ಎಲ್ಲಾ ಡೈರೀಲೂ ನಿಮ್ ಫೋಟೋ ಹಾಕಿಸ್ತೀನಿ, ಹೂವಿನ್ ಹಾರ ಸಮೇತ" ಎಂದ ಚಾಲಕ. ಹಾರ ಹಾಕುವುದು ಸತ್ತವರ ಫೋಟೋಕ್ಕೆ ಎಂದು ಬೈದೆ. ಒಳಗೊಳಗೆ ಉಬ್ಬಿದ್ದೆ, ಸುಳ್ಳೇಕೆ ಹೇಳಲಿ.

ಎರಡನೆಯ ವಾಕ್ಯ ನೆನಪಾಗದೆ ಇರಲಿಲ್ಲ. ಮುಂದಿನ ಸಭೆಯಲ್ಲಿ ಎತ್ತಬೇಕೆಂದುಕೊಂಡೆ. ಆ ಸಭೆಯಲ್ಲಿ ಡೆಂಗ್ಯೂ ವಿಷಯ ಬಂತು. ಅದರ ಮುಂದಿನದರಲ್ಲಿ ನಮ್ಮ ಹೋಬಳಿಯನ್ನು ಹೊಗಳಿದರು, ಬೇರೆ ಕಡೆಯವರು ನಮ್ಮ ಫ್ಲೆಕ್ಸಿನ ಚಿತ್ರ ತೆಗೆದುಕೊಂಡು ಹೋದರು. ಹೊಗಳುತ್ತಿರುವಾಗ ಇನ್ನೊಂದು ಮಾತು ಬಾಕಿ ಇದೆ ಎಂದು ಹೇಳುವ ಮನಸ್ಸು ಯಾರಿಗೆ ಬರುತ್ತದೆ?

ಮಳೆಗೆ ಮುಂಚಿನ ಗಾಳಿ ಶುರುವಾಗಿತ್ತು. ನಮ್ಮ ಕಡೆ ಗುಲಾಬಿ ಬೆಳೆಯುವ ಪಾಲಿಹೌಸುಗಳು ಬಹಳ. ಕಬ್ಬಿಣದ ಕಂಬಗಳ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದ ದೊಡ್ಡ ದೊಡ್ಡ ಚಪ್ಪರಗಳು. ಗಾಳಿಗೆ ಹಾಳೆ ಹರಿದರೆ ಕೆಲಸದವರು ಮೇಲೆ ಹತ್ತಿ ಕ್ಲಿಪ್ಪು ಕೂರಿಸಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಯಾರೂ ಕಟ್ಟಿಕೊಳ್ಳುವುದಿಲ್ಲ.

ಮಧ್ಯಾಹ್ನದ ಊಟ ಮುಗಿಸುತ್ತಿದ್ದೆವು, ಕರೆ ಬಂತು. ಪಾಲಿಹೌಸ್ ಕೆಲಸಗಾರ, ಮೇಲಿನಿಂದ ಬಿದ್ದಿದ್ದಾನೆ, ಇಂಥ ಊರಿನ ಡೈರಿ.

"ಬಿದ್ದಿರೋನನ್ನ ಡೈರಿಗಾ?" ಎಂದೆ. ಕೈ ತೊಳೆಯದೆ ಗಾಡಿ ಹತ್ತಿ ಕಾಲ್ ಸೆಂಟರಿಗೆ ಫೋನ್ ಹಚ್ಚಿದೆ. "ಅವ್ರಿಗೆ ವಾಪಸ್ ಕಾಲ್ ಮಾಡಿ, ಎತ್ಬೇಡಿ ಅನ್ನಿ, ಇದ್ದಲ್ಲೇ ಬಿಡಿ ಅನ್ನಿ, ನಾವೇ ಪಾಲಿಹೌಸಿಗೆ ಬರ್ತೀವಿ ಅನ್ನಿ." ಅತ್ತ ಕಡೆಯ ಹುಡುಗಿ ಮಾಡಿದಳು. ರಿಂಗಾಗುತ್ತಿದೆ, ಯಾರೂ ಎತ್ತುತ್ತಿಲ್ಲ ಮೇಡಂ ಎಂದಳು. ನಾನೂ ಮಾಡಿದೆ. ಎತ್ತಲಿಲ್ಲ.

ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ರಸ್ತೆಯ ಪಕ್ಕಕ್ಕೆ ಆ ಪಾಲಿಹೌಸ್ ಸಿಕ್ಕಿತು. ಗೇಟು ಡಾಂಬರ್ ರಸ್ತೆಗೇ ತೆರೆಯುತ್ತದೆ. ಹೂವಿನ ಲಾರಿ ಒಳಗೆ ಹೋಗುವಷ್ಟು ಅಗಲ. ನಮ್ಮ ಗಾಡಿ ಬಿದ್ದವನ ಪಕ್ಕಕ್ಕೇ ಹೋಗಿ ನಿಲ್ಲಬಹುದಿತ್ತು. ಚಾಲಕ ವೇಗ ಇಳಿಸಿ, "ಸಿಸ್ಟರ್, ಇದೇ ಅಲ್ವಾ?" ಎಂದ. ಗೇಟು ಹಾರುಹೊಡೆದಿತ್ತು. ಒಳಗೆ ಒಬ್ಬರೂ ಇರಲಿಲ್ಲ. ಹರಿದ ಹಾಳೆ ಗಾಳಿಗೆ ಪಟಪಟ ಬಡಿಯುತ್ತಿತ್ತು.

"ಹೋಗು, ಡೈರಿಗೇ ಹೋಗು" ಎಂದೆ.

ಡೈರಿಯ ಮುಂದೆ ಜನ ಕೈ ಬೀಸಿ ಬೀಸಿ ಕರೆಯುತ್ತಿದ್ದರು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿದ್ದರು. ಮೂವತ್ತರ ಒಳಗಿನ ಗಟ್ಟಿ ಆಳು. ಜೊತೆ ಕೆಲಸಗಾರರಿಬ್ಬರು ಅಕ್ಕಪಕ್ಕ ಕೂತು ತೋಳು ಹಿಡಿದು ಬೀಳದ ಹಾಗೆ ನೋಡಿಕೊಂಡಿದ್ದರು. ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನನ್ನನ್ನು ನೋಡಿದ ಕೂಡಲೇ ಇಬ್ಬರಲ್ಲಿ ಹಿರಿಯನ ಮುಖ ಅರಳಿತು.

"ನೀವ್ ಹೇಳ್ದಂಗೇ ಡೈರಿ ತಾವ್ಕೇ ಕರ್ಕೊಂಬಂದ್ವಿ ಮೇಡಂ. ಬೈಕ್ ಮೇಲೆ ಮಧ್ಯ ಕೂರಿಸ್ಕೊಂಡು ನಾನು ಹಿಂದೆ ಗಟ್ಟಿಯಾಗ್ ಹಿಡ್ಕೊಂಡಿದ್ದೆ. ಒಂಚೂರೂ ತಡ ಮಾಡಿಲ್ಲ."

"ಆಯ್ತಪ್ಪ, ಈಗ ಯಾರೂ ಅಲ್ಲಾಡಿಸ್ಬೇಡಿ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

ಮೊದಲು ಅವನ ಹಿಂದೆ ಮಂಡಿಯೂರಿ ಎರಡೂ ಕೈಯಿಂದ ತಲೆ ಹಿಡಿದೆ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರಬೇಕು. ಚಾಲಕ ಕುತ್ತಿಗೆಗೆ ಕಾಲರ್ ಕಟ್ಟಿದ. ಸ್ಪೈನ್ ಬೋರ್ಡ್ ಎಂಬ ಉದ್ದ ಹಲಗೆ ತಂದು ಬೆನ್ನಿಗೆ ಆನಿಸಿ, ಎಣಿಸಿ, ಎಲ್ಲರೂ ಒಟ್ಟಿಗೆ ಅವನನ್ನು ಹಾಗೇ ಹಿಂದಕ್ಕೆ ಒರಗಿಸಿ ಮಲಗಿಸಿದೆವು. ಪಟ್ಟಿಗಳನ್ನು ಬಿಗಿದೆವು. ಉಸಿರು ಸರಿಯಿತ್ತು. ರಕ್ತದೊತ್ತಡ ಇಳಿದಿತ್ತು. ಕೈ ಮುಷ್ಟಿ ಮಾಡು ಎಂದರೆ ಮಾಡಿದ. ಕಾಲ್ಬೆರಳು ಆಡಿಸು ಎಂದೆ.

"ಆಡಿಸ್ತಾ ಇದೀನಲ್ಲಾ ಮೇಡಂ" ಎಂದ.

ಬೆರಳು ಆಡುತ್ತಿರಲಿಲ್ಲ. ಒಂದು ಕಾಲಿನ ಚಪ್ಪಲಿ ಹೋಗಿತ್ತು. ಆ ಪಾದ ರಸ್ತೆಗೆ ಉಜ್ಜಿಕೊಂಡು ಬಂದು ಹೆಬ್ಬೆರಳಿನ ಚರ್ಮ ಸುಲಿದು ಕೆಂಪಗಾಗಿತ್ತು. ಅಲ್ಲಿಗೆ ಮುಟ್ಟಿದೆ, ಚಿವುಟಿದೆ. ಏನಾದರೂ ಗೊತ್ತಾಗುತ್ತಾ ಎಂದೆ. ಏನು ಗೊತ್ತಾಗಬೇಕು ಎಂದ. ಹೊಕ್ಕುಳಿನಿಂದ ಕೆಳಗೆ ಅವನಿಗೆ ಸ್ಪರ್ಶವೇ ಇರಲಿಲ್ಲ.

ಅವನಿಗೆ ಕೇಳದ ಹಾಗೆ ಜೊತೆಯವರಿಬ್ಬರನ್ನು ಪಕ್ಕಕ್ಕೆ ಕರೆದು ಕೇಳಿದೆ. ಬಿದ್ದ ಮೇಲೆ, ನೀವು ಎತ್ತುವ ಮುಂಚೆ, ಅವನು ಕಾಲು ಆಡಿಸಿದನಾ? ಕಿರಿಯವನು "ಹೂಂ ಮೇಡಂ, ಮಡಿಚ್ದಂಗಿತ್ತು" ಎಂದ. ಹಿರಿಯವನು "ಇಲ್ಲಾ ಕಣ್ಲಾ, ನಾವೇ ಎತ್ವಾಗ ಮಡಿಚ್ಕೊಂಡಿದ್ದು" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಯಾಕೆ ಕೇಳುತ್ತಿದ್ದೇನೆ ಎಂದು ಆಗ ಅವರಿಗೆ ಹೊಳೆಯಲಿಲ್ಲ.

ನಿಯಮದ ಪ್ರಕಾರ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಅಲ್ಲಿ ಆಗುವುದಿಲ್ಲ. ಅಲ್ಲಿ ಇಳಿಸಿ, ಚೀಟಿ ಬರೆಸಿ, ಇನ್ನೊಂದು ಗಾಡಿಗೆ ಕಾದು ಮತ್ತೆ ಹತ್ತಿಸಬೇಕು. ಅಂದರೆ ಅವನನ್ನು ಇನ್ನೆರಡು ಸಲ ಎತ್ತಬೇಕು. ಫೋನಿನಲ್ಲಿ ಸಲಹೆ ಕೊಡುವ ವೈದ್ಯರಿಗೆ ಸ್ಥಿತಿ ವಿವರಿಸಿ, ನೇರ ಬೆಂಗಳೂರಿಗೆ ಒಯ್ಯಲು ಅನುಮತಿ ಕೇಳಿದೆ. ಕೊಟ್ಟರು. ಸಲೈನ್ ಹಚ್ಚಿ ಹೊರಟೆವು. ಚಾಲಕ ಹಂಪ್‌ಗಳು ಕಡಿಮೆ ಇರುವ ಬಳಸು ದಾರಿ ಹಿಡಿದ. ಸೈರನ್ ಹಾಕಿಕೊಂಡು ನಿಧಾನವಾಗಿ ಹೋಗುವ ಆಂಬುಲೆನ್ಸನ್ನು ನೋಡಿ ಹಿಂದಿನ ಕಾರುಗಳವರು ಹಾರ್ನ್ ಹೊಡೆಯುತ್ತಿದ್ದರು.

ಅವನು ಚಾವಣಿ ನೋಡುತ್ತಾ ಮಲಗಿದ್ದ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಫೋನ್ ಒಳಗೆ ಬಿಡುವುದಿಲ್ಲ, ಸೂಪರ್‌ವೈಸರ್ ನಂಬರ್ ಇದೆ ಎಂದ. "ಕಾಲು ಮುರ್ದಿದೆ ಅಂತ ಮಾತ್ರ ಹೇಳಿ ಮೇಡಂ. ಜಾಸ್ತಿ ಹೇಳಿದ್ರೆ ಬಸ್ಸಲ್ಲೇ ಅತ್ಕೊಂಡ್ ಬರ್ತಾಳೆ." ನಾನು ಹಾಗೇ ಹೇಳಿದೆ.

ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಬಿಟ್ಟು ಇನ್ನೊಬ್ಬ ರೋಗಿಯನ್ನು ಅದೇ ಆಸ್ಪತ್ರೆಗೆ ಬಿಡಲು ಹೋದಾಗ ಅಲ್ಲಿನ ವೈದ್ಯರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಬಿದ್ದಾಗಲೇ ಹುರಿ ಹೋಗಿತ್ತಾ, ಬೈಕಿನ ಮೇಲೆ ಹೋಯಿತಾ? ಅವರು ಸ್ಕ್ಯಾನ್ ಚಿತ್ರವನ್ನು ನೆನಪು ಮಾಡಿಕೊಂಡರು. "ಮೂಳೆ ಒಡೆದಿದ್ದು ಬಿದ್ದಾಗ. ಅದರ ಚೂರು ಹುರಿಗೆ ಚುಚ್ಚಿದ್ದು ಆಗಲೋ ಆಮೇಲೋ, ಯಾರೂ ಹೇಳಕ್ಕಾಗಲ್ಲ ಸಿಸ್ಟರ್. ಬೋರ್ಡ್ ಮೇಲೆ ಬಂದಿದ್ರೆ ಒಂದು ಅವಕಾಶ ಇರ್ತಿತ್ತು, ಅಷ್ಟೇ." ಅವಕಾಶ ಎಂಬ ಪದ ಎಷ್ಟು ಸಣ್ಣದು. ಅವತ್ತಿನಿಂದ ಅದು ನನ್ನ ಎದೆಯಲ್ಲಿ ಕೂತಿದೆ.

ನಾನು ಅಧಿಕಾರಿಯ ಕೊಠಡಿಗೆ ಹೋದೆ. ಎರಡನೆಯ ವಾಕ್ಯ ಸೇರಿಸಿ, ಈಗಲಾದರೂ ಸೇರಿಸಿ ಎಂದೆ. ಅವರು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಮೇಲಿನಿಂದ ಆದೇಶ ಬಂದಿದೆ ಎಂದರು. ಕರೆ ಬಂದ ಸ್ಥಳಕ್ಕೇ ಆಂಬುಲೆನ್ಸ್ ಹೋಗತಕ್ಕದ್ದು, ರೋಗಿಯನ್ನು ಬೇರೆಡೆಗೆ ತರಲು ಸಾರ್ವಜನಿಕರಿಗೆ ಸೂಚಿಸತಕ್ಕದ್ದಲ್ಲ.

"ಸರ್, ಇಡೀ ವ್ಯವಸ್ಥೆ ಕಿತ್ತಾಕ್ಬೇಡಿ. ಆ ಮಗು ಬದುಕಿದ್ದು ಅದ್ರಿಂದ್ಲೇ. ಮತ್ತೆ ಜನ ಎದುರಿಗೆ ಬರ್ತಾರೆ, ಮತ್ತೆ ನಾವು ದಾರೀಲಿ ಅವ್ರನ್ನ ತಪ್ಪಿಸ್ಕೊತೀವಿ."

"ಗೊತ್ತಮ್ಮಾ" ಎಂದರು ಅವರು. "ಆದ್ರೆ ಅವ್ರೇ ಎದುರಿಗೆ ಬಂದು ಜೀವ ಹೋದ್ರೆ ಅದು ಅವರ ಗ್ರಹಚಾರ ಅಂತಾರೆ. ನಾವು ಹೇಳಿದ ಜಾಗಕ್ಕೆ ಬಂದು ಹೋದ್ರೆ ನಮ್ಮ ತಲೆಗೆ ಬರುತ್ತೆ." ಅದನ್ನು ಹೇಳುವಾಗ ಅವರ ಮುಖದಲ್ಲಿ ಅಸಹ್ಯವೇ ಇತ್ತು, ತಮ್ಮ ಮಾತಿನ ಮೇಲೇ. ನನಗೆ ಅವರ ಮೇಲೆ ಸಿಟ್ಟು ಬಂತು. ಹೊರಗೆ ಬಂದ ಮೇಲೆ ಅದು ನನ್ನ ಮೇಲೆ ತಿರುಗಿತು. ಹೂಂ ಎಂದವಳು ನಾನೇ ತಾನೆ?

ಫ್ಲೆಕ್ಸುಗಳನ್ನು ಬಿಚ್ಚಿದರು. ಒಬ್ಬರು ಹುಲ್ಲಿನ ಮೆದೆಗೆ ಹೊದಿಸಿಕೊಂಡರು. ಆದೇಶದ ಪ್ರಕಾರ ನಾವು ಮನೆಗಳಿಗೆ ಹೋಗುತ್ತಿದ್ದೇವೆ. ಜನ ಎದುರಿಗೆ ಬರುತ್ತಿದ್ದಾರೆ. ಕೆಲವರು ಹಳೆಯ ಅಭ್ಯಾಸದಲ್ಲಿ ಡೈರಿಗೆ ಹೋಗಿ ಕಾಯುತ್ತಾರೆ, ನಾವು ಅವರ ಮನೆ ಮುಂದೆ ಹಾರ್ನ್ ಹೊಡೆಯುತ್ತಿರುತ್ತೇವೆ.

ಪಾಲಿಹೌಸಿನಿಂದ ಬಿದ್ದವನು ಮನೆಗೆ ಬಂದ ಸುದ್ದಿಯನ್ನು ಅವನ ಊರಿನ ಆಶಾ ಕಾರ್ಯಕರ್ತೆ ಹೇಳಿದಳು. ಹೋಗಲು ನನಗೆ ಧೈರ್ಯ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ರಜೆಯ ದಿನ ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದ. ಹೆಂಡತಿ ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲೇ ಇದ್ದಳು. ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ನೋಡಿದೆ, ಆಗಿರಲಿಲ್ಲ, ಆಕೆ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಳು. ಕಾಫಿ ಕೊಟ್ಟಳು. ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನಿಮ್ಮಿಂದ ಒಂದ್ ಕೆಲ್ಸ ಆಗ್ಬೇಕು ಮೇಡಂ" ಎಂದ ಅವನು. "ನಮ್ ಹುಡುಗ್ರು ಬರ್ತಾ ಇಲ್ಲ. ಅವತ್ತು ಬೈಕಲ್ಲಿ ಕರ್ಕೊಂಬಂದ್ರಲ್ಲಾ, ಅವ್ರಿಬ್ರು. ದಿನಾ ಒಂದೇ ಬುತ್ತೀಲಿ ಊಟ ಮಾಡ್ತಿದ್ವಿ. ಆಸ್ಪತ್ರೇಲಿ ಯಾರೋ ಅವ್ರ ಮುಂದೇನೇ ಅಂದ್ಬಿಟ್ರಂತೆ, ಯಾವ ಬುದ್ಧಿಗೇಡಿಗಳು ಇವ್ನನ್ನ ಬೈಕ್ ಮೇಲೆ ಕೂರ್ಸಿದ್ದು ಅಂತ. ಅವತ್ತಿಂದ ಈ ಬೀದೀಗೇ ಬರಲ್ಲ."

"ನೀನೇ ಫೋನ್ ಮಾಡ್ಬೋದಿತ್ತಲ್ಲಪ್ಪ."

"ಮಾಡಿದೀನಿ. ನಿಮ್ದೇನೂ ತಪ್ಪಿಲ್ಲ ಕಣ್ರೋ ಅಂದ್ರೆ ಒಬ್ಬ ಅಳ್ತಾನೆ, ಇನ್ನೊಬ್ಬ ಫೋನ್ ಇಡ್ತಾನೆ. ನೀವ್ ಹೋಗಿ ಒಂದ್ಸಲ ಹೇಳ್ಬಿಡಿ ಮೇಡಂ, ಬಿದ್ದಾಗ್ಲೇ ಹೋಗಿತ್ತು, ನೀವ್ ಎತ್ತಿದ್ದಕ್ಕಲ್ಲ ಅಂತ. ನೀವ್ ಹೇಳಿದ್ರೆ ನಂಬ್ತಾರೆ."

ನಾನು ಹೇಳಿದರೆ ನಂಬುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಣ್ಣು ತುಂಬಿತು, ಕಾಫಿ ಲೋಟ ಎತ್ತಿ ಮುಖ ಮರೆಸಿಕೊಂಡೆ. ಹೇಳುತ್ತೇನೆ ಎಂದೆ.

ಅಲ್ಲಿಂದ ನೇರ ಪಾಲಿಹೌಸಿಗೆ ಹೋದೆ. ಒಳಗೆ ಸೆಖೆ. ಇಬ್ಬರೂ ಗುಲಾಬಿ ಕತ್ತರಿಸಿ ನೀರಿನ ಬಕೆಟ್ಟಿಗೆ ಇಡುತ್ತಿದ್ದರು. ನನ್ನನ್ನು ಕಂಡು ಕಿರಿಯವನು ಮೆಲ್ಲಗೆ ಸಾಲುಗಳ ಆಚೆಗೆ ಸರಿದುಬಿಟ್ಟ. ಹಿರಿಯವನು ನಿಂತ. ನಾನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. ಸ್ಕ್ಯಾನ್ ನೋಡಿದ್ದಾರೆ, ದೊಡ್ಡ ಡಾಕ್ಟರೇ ಹೇಳಿದ್ದಾರೆ, ಮೂಳೆ ಒಡೆದಿದ್ದು ಬಿದ್ದಾಗ, ಆಗಲೇ ಎಲ್ಲ ಹೋಗಿತ್ತು, ನೀವು ಎತ್ತಿದ್ದರಿಂದ ಏನೂ ಆಗಿಲ್ಲ. ಸುಳ್ಳು ಎನ್ನಲಾರೆ, ನಿಜವೂ ಅಲ್ಲ.

ಅವನು ಕೈಲಿದ್ದ ಹೂಗಳನ್ನು ಬಕೆಟ್ಟಿಗೆ ಇಟ್ಟ. ಬಹಳ ದಿನದಿಂದ ಬಿಗಿಹಿಡಿದಿದ್ದ ಭುಜ ಇಳಿಯಿತು. "ನಿಜ್ವಾಗ್ಲೂ ಮೇಡಂ?"

"ನಿಜವಾಗ್ಲೂ ಕಣಪ್ಪ. ಅವ್ನು ನಿಮ್ಮನ್ನ ಕಾಯ್ತಾ ಅವ್ನೆ. ಹೋಗ್ಬನ್ನಿ."

"ಇವತ್ತೇ ಹೋಗ್ತೀವಿ" ಎಂದ. ಕಣ್ಣು ಒರೆಸಿಕೊಂಡ. ಮೇಲೆ ಕಬ್ಬಿಣದ ಕಂಬಿಯ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಹಾಳೆ ಬಿಗಿಯುತ್ತಿದ್ದ. ಅವನ ಸೊಂಟಕ್ಕೂ ಹಗ್ಗವಿರಲಿಲ್ಲ. ಹಿರಿಯವನು ಅವನನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದ.

"ಹಂಗಾದ್ರೆ ಮೇಡಂ, ಇನ್ಮೇಲೂ ಯಾರಾದ್ರೂ ಬಿದ್ರೆ ಹಂಗೇ ಬೈಕಲ್ಲಿ ಎತ್ತಾಕ್ಕೊಂಡ್ ಬರ್ಬೋದಾ? ಏನೂ ಆಗಲ್ವಾ?"

ಹೌದು ಎಂದರೆ ಇವನು ನೆಮ್ಮದಿಯಾಗಿ ಇವತ್ತೇ ಗೆಳೆಯನ ಮನೆಗೆ ಹೋಗುತ್ತಾನೆ. ಮೇಲಿರುವವನು ನಾಳೆ ಬಿದ್ದರೆ ಅವನನ್ನೂ ಬೈಕಿನ ಮೇಲೆ ಕೂರಿಸುತ್ತಾನೆ.

"ಬೇಡಪ್ಪ" ಎಂದೆ. "ಬಿದ್ದೋರನ್ನ ಎತ್ಬೇಡಿ. ಅಲ್ಲಾಡಿಸ್ಲೂಬೇಡಿ. ಇದ್ದಲ್ಲೇ ಬಿಟ್ಟು ಫೋನ್ ಮಾಡಿ, ನಾವೇ ಬರ್ತೀವಿ."

ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ಇಳಿದಿದ್ದ ಭುಜ ಮತ್ತೆ ಬಿಗಿಯಿತು. ಕೊನೆಗೆ ಅವನು ಬಗ್ಗಿ ಕತ್ತರಿ ಎತ್ತಿಕೊಂಡ.

"ಸರಿ ಬಿಡಿ ಮೇಡಂ" ಎಂದ. "ಗೊತ್ತಾಯ್ತು."